ಮರಕ್ಕೆ ಮಂಜೂರಾತಿ ಇಲ್ಲ

ಗಂಟಕ್ಕನ ಬೆರಳುಗಳನ್ನು ಮೊದಲು ನೋಡಬೇಕು. ಮುಖ ಆಮೇಲೆ. ಮುಖವನ್ನು ಎಲ್ಲರೂ ನೋಡುತ್ತಾರೆ. ಮುಚ್ಚಿದ ರೆಪ್ಪೆ ನೋಡುತ್ತಾರೆ, "ಅಯ್ಯೋ ಪಾಪ" ಎಂದು ಲೊಚಗುಟ್ಟುತ್ತಾರೆ, ಹೋಗುತ್ತಾರೆ. ಬೆರಳು ನೋಡಿದವರು ಕಡಿಮೆ. ಬಲಗೈ ತೋರುಬೆರಳಿನ ತುದಿ ಸೀಳಿ ಸೀಳಿ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿದೆ. ಹೆಬ್ಬೆರಳಿನ ಉಗುರು ಅರ್ಧಕ್ಕೇ ನಿಂತಿದೆ, ಇನ್ನು ಬೆಳೆಯುವುದಿಲ್ಲ. ಬೆತ್ತದ ಸೀಳನ್ನು ಒಣಗಿದ್ದ ಹಾಗೆಯೇ ಹೆಣೆದರೆ ಅದು ಮುರಿಯುತ್ತದೆ. ನೆನೆಸಿ ಹೆಣೆದರೆ ಕೈ ಕೊಯ್ಯುತ್ತದೆ. ಎರಡರಲ್ಲಿ ಒಂದು ಕೆಡಲೇಬೇಕು. ಅವಳು ಬೆತ್ತವನ್ನು ಕೆಡಲು ಬಿಟ್ಟವಳಲ್ಲ.

ಹುಟ್ಟುಕುರುಡಿ. ಆರು ವರ್ಷದಿಂದ ಆ ಕೇಂದ್ರದಲ್ಲಿ ಕುರ್ಚಿ ಹೆಣೆಯುತ್ತಿದ್ದಳು. ತಗಡಿನ ಸೂರಿನ ಉದ್ದನೆಯ ಹಜಾರ, ನೆಲದ ಮೇಲೆ ಹನ್ನೊಂದು ಮಣೆ, ಹನ್ನೊಂದು ಬಕೀಟು ನೀರು, ಹನ್ನೊಂದು ಜನ. ಯಾರಿಗೂ ಕಣ್ಣಿಲ್ಲ. ಬೆಳಿಗ್ಗೆ ಕೇಂದ್ರದ ವ್ಯಾನು ಮನೆಮನೆಯಿಂದ ಕರೆತರುತ್ತದೆ, ಸಂಜೆ ಬಿಡುತ್ತದೆ. ಕೈಕಾಲು ಜೋಡಿಸಿದ ಮರದ ಚೌಕಟ್ಟಿನಲ್ಲಿ ಕೂರುವ ಜಾಗದ ಸುತ್ತ ತೂತುಗಳಿರುತ್ತವೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಕೊನೆಗೆ ಎರಡು ಓರೆ. ಆರು ಸುತ್ತು ಮುಗಿದ ಮೇಲೆ ಚೌಕಟ್ಟನ್ನು ತಿರುಗಿಸಿ ಅಡಿಯಲ್ಲಿ ಗಂಟು ಹಾಕಬೇಕು. ಅವಳು ಹಾಕಿದ ಗಂಟು ಬಿಚ್ಚಿದವರಿಲ್ಲ. ಅದಕ್ಕೇ ಗಂಟಕ್ಕ. ಮನೆಯವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಬಾಯಿ ಜೋರು. ಪಕ್ಕದವರು ಸಡಿಲವಾಗಿ ಹೆಣೆದರೆ ಬೆರಳಿನಿಂದ ತಟ್ಟಿ ನೋಡಿ, "ಇದೇನು ಸೊಳ್ಳೆ ಪರದೇನಾ? ಇದರ ಮೇಲೆ ದಪ್ಪಗಿರೋರು ಕೂತ್ರೆ ಸೀದಾ ಪಾತಾಳಕ್ಕೇ!" ಎನ್ನುತ್ತಿದ್ದಳು. ತನ್ನದು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಸೇರಿದ ದಿನವೇ ಸೂಪರಿಂಟೆಂಡೆಂಟು ಹೇಳಿದ್ದ: ಆಸ್ಪತ್ರೆಗೆ, ಶಾಲೆಗೆ, ಕೋರ್ಟಿಗೆ. ಹೆರಿಗೆಗೆ ಬಂದ ಹೆಂಗಸಿನ ತಾಯಿ ಹೊರಗೆ ಕಾಯುತ್ತಾಳಲ್ಲ, ಅವಳು ಕೂರುವ ಕುರ್ಚಿ. ಗಂಟಕ್ಕನಿಗೆ ಈ ತಾಯಿಯ ಬಗ್ಗೆ ಬಹಳ ಕಾಳಜಿ. ರಾತ್ರಿಯೆಲ್ಲ ಕೂರಬೇಕು ಪಾಪ, ನಡು ನೋಯಬಾರದು ಎಂದು ಹಿಂಬದಿಯ ಎಳೆಯನ್ನು ಇನ್ನೊಂದು ಸಲ ಎಳೆದು ಬಿಗಿಯುತ್ತಿದ್ದಳು. ರಕ್ತ ಬಂದರೆ ಬೆರಳನ್ನು ಬಾಯಲ್ಲಿಟ್ಟುಕೊಂಡು ಚೀಪಿ ಮತ್ತೆ ಎಳೆಯುತ್ತಿದ್ದಳು.

ಮನೆಯಲ್ಲಿ ತಮ್ಮ, ತಮ್ಮನ ಹೆಂಡತಿ. ಈ ಕೆಲಸ ಸಿಗುವ ಮೊದಲು ಆ ಮನೆಯಲ್ಲಿ ಅವಳು ಮಂಚದ ಕೆಳಗಿನ ಟ್ರಂಕು ಇದ್ದಂತೆ ಇದ್ದಳು. ಗುಡಿಸುವಾಗ "ಸ್ವಲ್ಪ ಆ ಕಡೆ", ಒರೆಸುವಾಗ "ಸ್ವಲ್ಪ ಈ ಕಡೆ". ನೆಂಟರು ಬಂದರೆ ಒಳಕೋಣೆ. ಕೆಲಸಕ್ಕೆ ಸೇರಿದ ಮೇಲೆ ಅದೆಲ್ಲ ಬದಲಾಯಿತು. ತಮ್ಮನ ಹೆಂಡತಿ ಅಕ್ಕಪಕ್ಕದವರ ಹತ್ತಿರ, "ನಮ್ಮ ಅತ್ತಿಗೆ ಕೈಯಲ್ಲಿ ಆಗದ ಕುರ್ಚಿ ಇಲ್ಲ" ಎಂದು ಹೇಳುವುದು ಕಿಟಕಿಯಿಂದ ಕೇಳಿಸುತ್ತಿತ್ತು. ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಗಂಟಕ್ಕ ಕಾಫಿ ಕುಡಿಯುತ್ತಿದ್ದಳು. ಆ ಸುಖ ಅವಳಿಗೆ ಮಾತ್ರ ಗೊತ್ತು.

ಅವತ್ತು ಮಂಗಳವಾರ. ಜವಾನ ಚೌಕಟ್ಟುಗಳನ್ನು ತಂದು ಒಬ್ಬೊಬ್ಬರ ಮುಂದೆ ಇಟ್ಟು ಹೋದ. ಹೊಸ ವಾರ್ನಿಶ್ ವಾಸನೆ ಗಮ್ಮೆಂದಿತು. ಗಂಟಕ್ಕ ತನ್ನದನ್ನು ಮಡಿಲಿಗೆ ಎಳೆದುಕೊಂಡು, ಎಂದಿನಂತೆ ಹೆಬ್ಬೆರಳಿನಿಂದ ಒಂದೊಂದು ತೂತನ್ನೂ ಸವರುತ್ತ ಹೋದಳು. ಸಿಬಿರು ಇದ್ದರೆ ಬೆತ್ತ ಹರಿಯುತ್ತದೆ, ಅದಕ್ಕೆ. ಮುಂದಿನ ಪಟ್ಟಿಯ ಮೂಲೆಗೆ ಬಂದಾಗ ಹೆಬ್ಬೆರಳು ನಿಂತಿತು. ಅಲ್ಲಿ ಎರಡು ತೂತು ಒಂದಕ್ಕೊಂದು ಅಂಟಿಕೊಂಡಂತೆ ಕೊರೆದಿದ್ದರು. ಬಡಗಿಯ ತಪ್ಪು. ಅದರಲ್ಲಿ ಒಂದು ತೂತು ಮುಚ್ಚಿತ್ತು. ಏನೋ ಗಟ್ಟಿಯಾದದ್ದು, ಮರವಲ್ಲ. ಉಗುರಿನಿಂದ ಕೆರೆದಳು. ಪ್ಲಾಸ್ಟಿಕ್ಕು.

ಅವಳ ಬಾಚಣಿಗೆಯ ಹಲ್ಲು!

ಎರಡು ತಿಂಗಳ ಹಿಂದೆ ಮೇಷ್ಟ್ರಿಗೆ ಜ್ವರ ಬಂದು ಅವರು ಒಂದು ವಾರ ರಜ ಹಾಕಿದ್ದರು. ಮೇಷ್ಟ್ರೆಂದರೆ ಎಲ್ಲರಿಗೂ ಹೆಣೆಯಲು ಕಲಿಸಿದ ಮುದುಕರು, ಅವರಿಗೂ ಕಣ್ಣಿಲ್ಲ. ಆ ವಾರ ಈ ಸೊಟ್ಟ ಚೌಕಟ್ಟು ಅವಳ ಪಾಲಿಗೆ ಬಂದಿತ್ತು. ಎರಡು ತೂತಿಗೂ ಎಳೆ ಹಾಕಿದರೆ ಮರ ಸೀಳುತ್ತದೆ. ಅರ್ಧ ದಿನ ತಲೆ ಕೆಡಿಸಿಕೊಂಡು, ಕೊನೆಗೆ ತಲೆಯಿಂದ ಬಾಚಣಿಗೆ ತೆಗೆದು, ಒಂದು ಹಲ್ಲು ಮುರಿದು, ಒಂದು ತೂತಿಗೆ ಜಡಿದು, ಇನ್ನೊಂದರಲ್ಲಿ ಎಳೆಯನ್ನು ಜೋಡಿ ಮಾಡಿ ದಾಟಿಸಿದ್ದಳು. ಬೆನ್ನು ತಟ್ಟಿಕೊಳ್ಳುವಂಥ ಕೆಲಸ. ಅದನ್ನು ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು.

"ಲೋ! ಕೇಳ್ರೋ! ನನ್ನ ಕುರ್ಚಿ ವಾಪಸ್ ಬಂದಿದೆ! ರಿಪೇರಿಗೆ!" ಎಂದು ಕೂಗಿದಳು. "ಯಾವ ದಢೂತಿ ಕೂತ್ನೋ ಏನೋ, ಎರಡೇ ತಿಂಗಳಿಗೆ ಕಿತ್ತೋಗಿದೆ. ಅಥವಾ ದಿನಕ್ಕೆ ನೂರು ಜನ ಕೂತಿರಬೇಕು. ಆಸ್ಪತ್ರೇದೇ ಇರುತ್ತೆ!"

ಬಕೀಟಿನಲ್ಲಿ ನೀರು ಅಲುಗಿದ ಸದ್ದು ಮಾತ್ರ ಕೇಳಿತು. ಮೇಷ್ಟ್ರು ಕೆಮ್ಮಿದರು.

ಹೊಟ್ಟೆಕಿಚ್ಚು, ಎಂದುಕೊಂಡಳು ಗಂಟಕ್ಕ. ಇವರ್‍ಯಾರ ಕುರ್ಚಿಯೂ ವಾಪಸ್ ಬಂದಿಲ್ಲವಲ್ಲ.

ಆ ಸಂಜೆ ಅವಳ ಸಂಭ್ರಮ ಹೇಳತೀರದು. ಊಟಕ್ಕೆ ಕೂತವಳೇ ಶುರು ಮಾಡಿದಳು. ತಮ್ಮನ ಹೆಂಡತಿ, "ಅತ್ತಿಗೆ ಕುರ್ಚಿ ಅಂದ್ರೆ ಸುಮ್ನೇನಾ" ಎಂದು ನಕ್ಕಳು. ತಮ್ಮ ಅಗಿಯುವುದನ್ನು ನಿಲ್ಲಿಸಿದ್ದು ಅವಳ ಕಿವಿಗೆ ಬಿತ್ತು.

"ನೀನು ಆಸ್ಪತ್ರೆಗೆ ರಕ್ತ ಕೊಡೋಕೆ ಹೋಗಿದ್ದಾಗ ನನ್ನ ಕುರ್ಚೀಲೇ ಕೂತಿದ್ದೆ ಅಂದಿದ್ಯಲ್ಲ, ಗಟ್ಟಿ ಇತ್ತೇನೋ?"

"ಹೂಂ. ಇತ್ತು."

"ಬೆತ್ತದ್ದೇ ತಾನೆ?"

"ಇತ್ತು ಕಣಕ್ಕ. ಊಟ ಮಾಡು."

ಅವನು ಎದ್ದು ಕೈ ತೊಳೆಯಲು ಹೋದ. ತಟ್ಟೆಯಲ್ಲಿ ಇನ್ನೂ ಅನ್ನವಿತ್ತು, ಕೊನೆಯ ತುತ್ತು ಬಳಿದ ಸದ್ದು ಬಂದಿರಲಿಲ್ಲ. ಸಂತೋಷದ ತಲೆಗೆ ಅದು ಹೊಳೆಯಲಿಲ್ಲ.

ಬುಧವಾರ ಬೆಳಿಗ್ಗೆ ಕೈ ಹೊಳೆಯಿಸಿತು. ಕೂತು ಕೂತು ಹರಿದ ಬೆತ್ತ ಹೇಗಿರುತ್ತದೆಂದು ಅವಳಿಗೆ ಗೊತ್ತು. ನಡುವೆ ಜೋಲುತ್ತದೆ, ಎಳೆ ನಾರುನಾರಾಗುತ್ತದೆ, ಕೊನೆಗೆ ಅಂಚಿನಲ್ಲಿ ಹರಿಯುತ್ತದೆ. ಬಾಚಣಿಗೆಯ ಹಲ್ಲಿನ ಪಕ್ಕದ ತೂತಿನಲ್ಲಿ, ಅಡಿಯಲ್ಲಿ, ಅವಳ ಗಂಟೊಂದು ಹಾಗೇ ಉಳಿದಿತ್ತು. ಅದಕ್ಕೆ ಅಂಟಿಕೊಂಡಿದ್ದ ಎಳೆಯ ತುಂಡನ್ನು ತುಟಿಗೆ ಒತ್ತಿ ನೋಡಿದಳು. ತುಟಿ ಬೆರಳಿಗಿಂತ ಸೂಕ್ಷ್ಮ. ತುದಿ ನುಣ್ಣಗಿತ್ತು, ಚಾಕುವಿನಿಂದ ಕೊಯ್ದಂತೆ. ಬೆತ್ತ ಸವೆದಿರಲಿಲ್ಲ. ಕುರ್ಚಿಯ ಕೈಗಳನ್ನು ಉದ್ದಕ್ಕೂ ಸವರಿದಳು. ನೂರು ಜನ ಕೈಯಿಟ್ಟ ಮರ ಎಲ್ಲಾದರೂ ಒಂದು ಕಡೆ ನುಣುಪಾಗಿರಬೇಕು. ಇರಲಿಲ್ಲ. ವಾರ್ನಿಶ್ ಮಾತ್ರ ಇತ್ತು, ಪದರದ ಮೇಲೆ ಪದರ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಕಣ್ಣಿದ್ದವರಿಗೂ ಬೇಡ, ಇಲ್ಲದವರಿಗೂ ಬೇಡ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಿತ್ತಲಿನ ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಚಾಕು ಮಸೆಯುವ ಸದ್ದು ಬರುತ್ತಿತ್ತು. ಆರು ವರ್ಷದಿಂದ ಬರುತ್ತಿದ್ದ ಸದ್ದೇ. ಅಡುಗೆಗಿರಬೇಕು ಎಂದುಕೊಂಡಿದ್ದಳು. ಕೇಂದ್ರದಲ್ಲಿ ಅಡುಗೆ ಮಾಡುವುದಿಲ್ಲ, ಎಲ್ಲರೂ ಡಬ್ಬಿ ತರುತ್ತಾರೆ ಎಂಬುದು ಇವತ್ತು ನೆನಪಾಯಿತು. ಗೋಡೆ ಹಿಡಿದು ಅಲ್ಲಿಗೆ ಹೋದಳು.

"ಯಾರ ಕುತ್ತಿಗೆ ಕೊಯ್ಯೋಕಪ್ಪ ಇಷ್ಟು ಹರಿತ?"

ಮಸೆಯುವುದು ನಿಂತಿತು. ಜವಾನ ನಲ್ಲಿ ತಿರುಗಿಸಿ ಚಾಕು ತೊಳೆಯತೊಡಗಿದ.

"ಹೇಳು. ನನ್ನ ಕುರ್ಚೀನ ಯಾರು ಕೊಯ್ದಿದ್ದು?"

"ಬಿಡಕ್ಕ. ಬೇಡ."

"ಯಾರು?"

"ನಾನೇ." ಅವನು ನಲ್ಲಿ ನಿಲ್ಲಿಸಿದ. "ಶನಿವಾರ ನೀವೆಲ್ಲ ಒಂದು ಗಂಟೆಗೆ ವ್ಯಾನು ಹತ್ತಿ ಹೋಗ್ತೀರಲ್ಲ, ಆಮೇಲೆ. ಎಲ್ಲಾನೂ ಕತ್ತರಿಸಿ, ತೂತು ಚೊಕ್ಕಟ ಮಾಡಿ, ಉಜ್ಜಿ, ವಾರ್ನಿಶ್ ಹೊಡೀತೀನಿ. ಹೊಸದರ ವಾಸನೆ ಬರಲಿ ಅಂತ. ಇರೋದೇ ನಲವತ್ತು ಚೌಕಟ್ಟು. ಅವೇ ಸುತ್ತಾಡ್ತವೆ."

"ಎಷ್ಟು ವರ್ಷದಿಂದ?"

"ಏಳು ವರ್ಷ ಆಯ್ತು ಆರ್ಡರ್ ನಿಂತು."

ಅವಳು ಸೇರಿ ಆರು ವರ್ಷ. ಅಂದರೆ ಒಂದೂ ಇಲ್ಲ. ಅವಳು ಹೆಣೆದ ಒಂದೇ ಒಂದು ಕುರ್ಚಿಯೂ ಆ ಬಾಗಿಲು ದಾಟಿಲ್ಲ. ಹೆರಿಗೆಗೆ ಬಂದ ಹೆಂಗಸಿನ ತಾಯಿ ಇಲ್ಲ. ಕೋರ್ಟಿಲ್ಲ, ಶಾಲೆಯಿಲ್ಲ. ಆರು ವರ್ಷದ ರಕ್ತವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಹೋಗಿತ್ತು. ನಲ್ಲಿಯ ಕಟ್ಟೆ ಹಿಡಿದು ಬಗ್ಗಿ ವಾಂತಿ ಮಾಡಿದಳು. ತಿಂದ ಅನ್ನವೆಲ್ಲ ಹೋಯಿತು.

ಜವಾನ ಚೊಂಬಿನಲ್ಲಿ ನೀರು ಕೊಟ್ಟ. "ನಿಮ್ಮ ಗಂಟೇ ಕಷ್ಟ ಅಕ್ಕ," ಎಂದ. ಸಮಾಧಾನ ಮಾಡುತ್ತಿದ್ದೇನೆಂದು ತಿಳಿದಿದ್ದ ಆ ಪುಣ್ಯಾತ್ಮ. "ಬೇರೆಯವರದ್ದು ಎಳೆದ್ರೆ ಬಂದ್ಬಿಡುತ್ತೆ. ನಿಮ್ಮದು ಜಪ್ಪಯ್ಯ ಅಂದ್ರೂ ಬರಲ್ಲ. ಎಷ್ಟು ಸಲ ಕೈ ಕೊಯ್ಕೊಂಡಿದೀನಿ ನೋಡಿ." ನೋಡಿ ಎಂದು ತನ್ನ ಬೆರಳನ್ನು ಅವಳ ಕೈಗೆ ಕೊಟ್ಟ. ಗಾಯದ ಗೀರು, ಗಟ್ಟಿ ಚರ್ಮ. ಅವಳ ಬೆರಳಿನ ಹಾಗೇ ಇತ್ತು.

"ನಿನಗೆ ಬೇಜಾರಾಗಲ್ವೇನೋ?"

"ಮೊದಮೊದಲು ಕುಡಿದು ಬಂದು ಕತ್ತರಿಸ್ತಿದ್ದೆ. ಈಗ ಹಾಗೇ ಕತ್ತರಿಸ್ತೀನಿ. ನೀವಾದ್ರೂ ಹೆಣೀತೀರಿ ಅಕ್ಕ. ನನ್ನ ಮಗಳು ಅಪ್ಪ ನಿನ್ನ ಕೆಲಸ ಏನು ಅಂದ್ರೆ ನಾನೇನು ಹೇಳ್ಲಿ?"

ಸೂಪರಿಂಟೆಂಡೆಂಟಿನ ಕೋಣೆಗೆ ಅವಳು ಆ ಚೌಕಟ್ಟನ್ನು ಹೊತ್ತುಕೊಂಡೇ ಹೋದಳು. ಮೇಜಿನ ಮೇಲೆ ಧಡ್ ಎಂದು ಇಟ್ಟಳು. ಆತ ಕೆಟ್ಟವನಲ್ಲ, ಅದನ್ನೂ ಹೇಳಿಬಿಡಬೇಕು. ಬೈದವನಲ್ಲ, ಮೈ ಮುಟ್ಟಿದವನಲ್ಲ, ಸಂಬಳ ಒಂದು ದಿನ ತಡ ಮಾಡಿದವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು. ಕೆಟ್ಟವನಿಗಾದರೆ ಬೈಯಬಹುದು.

"ಕೂತ್ಕೋಮ್ಮ," ಎಂದ. "ಯಾರು ಹೇಳಿದ್ರು?"

"ಬಾಚಣಿಗೆ ಹೇಳ್ತು."

ಆತ ಉಸಿರು ಬಿಟ್ಟ. ಆಮೇಲೆ ಮಗುವಿಗೆ ಹೇಳುವಂತೆ ಹೇಳಿದ. ಕಚೇರಿಗಳೆಲ್ಲ ಈಗ ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಳ್ಳುತ್ತವೆ. ಬೆತ್ತದ್ದು ಯಾರಿಗೂ ಬೇಡ. ಆದರೆ ಹನ್ನೊಂದು ಜನಕ್ಕೆ ಉದ್ಯೋಗ ಕೊಟ್ಟಿದ್ದೇವೆ ಎಂದು ಇಲಾಖೆ ವರ್ಷ ವರ್ಷ ತೋರಿಸಬೇಕು. "ಬೆತ್ತಕ್ಕೆ ಮಂಜೂರಾತಿ ಇದೆ. ವರ್ಷಕ್ಕೆ ಬೇಕಾದಷ್ಟು ಬರುತ್ತೆ. ಮರಕ್ಕೆ ಮಂಜೂರಾತಿ ಇಲ್ಲ. ಹೊಸ ಚೌಕಟ್ಟು ಎಲ್ಲಿಂದ ತರ್ಲಿ? ಹೆಣೆದಿದ್ದನ್ನ ಬಿಚ್ಚದೆ ಇದ್ರೆ ನಿಮ್ಮ ಕೈಗೆ ಕೆಲಸ ಎಲ್ಲಿಂದ ಕೊಡ್ಲಿ?"

"ಮುರಿದ ಕುರ್ಚಿ ಊರ ತುಂಬಾ ಇರುತ್ತೆ ಸಾರ್. ಮನೆಗಳಲ್ಲಿ ಇರುತ್ತೆ. ತರಿಸಿ. ನಾವು ಸರಿ ಮಾಡ್ತೀವಿ."

"ಖಾಸಗಿ ಕೆಲಸ ತರೋ ಹಾಗಿಲ್ಲ. ನಿಯಮ."

"ಹಾಗಾದ್ರೆ ಮಾರಿ. ಪುಕ್ಕಟೆ ಕೊಡಿ. ಯಾರಿಗಾದ್ರೂ ಕೊಟ್ಟುಬಿಡಿ, ನಿಂತ್ಕೊಂಡೋರು ಕೂರ್ಲಿ."

"ಸರ್ಕಾರಿ ಸ್ವತ್ತು ಕಣಮ್ಮ. ಹಾಗೆಲ್ಲ ಕೊಡಕ್ಕಾಗಲ್ಲ."

"ಕತ್ತರಿಸಬಹುದು?"

ಆತ ಮೇಜಿನ ಖಾನೆ ಎಳೆದು ಕಾಗದ ಹುಡುಕಿದ.

"ಸುಮ್ನೆ ಮನೇಲಿ ಕೂರಿಸಿ ದುಡ್ಡು ಕೊಡಿ ಅಂತ ನಾನೇ ಬರೆದಿದ್ದೆ," ಎಂದ. "ಒಪ್ಪಲಿಲ್ಲ. ಸುಮ್ನೆ ಕೊಟ್ರೆ ಜನ ಸೋಮಾರಿಗಳಾಗ್ತಾರೆ, ದುಡಿದು ತಿಂದ್ರೇನೇ ಮರ್ಯಾದೆ ಅಂತ ಮೇಲಿನಿಂದ ಬರೆದ್ರು. ಆದೇಶದಲ್ಲೇ ಇದೆ, ಮರ್ಯಾದೆ ಅಂತ. ಓದಿ ಹೇಳ್ಲಾ?"

"ಬೇಡ."

"ನಿನಗೇನಮ್ಮ ಕಮ್ಮಿಯಾಗಿದೆ? ಸಂಬಳ ಬರುತ್ತೆ, ವ್ಯಾನು ಬರುತ್ತೆ. ಮುಚ್ಚಿಬಿಟ್ರೆ ಏನ್ಮಾಡ್ತೀಯ? ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು ಅಂತಾರಲ್ಲ, ಹಾಗೆ..." ಎಂದವನು ನಾಲಿಗೆ ಕಚ್ಚಿಕೊಂಡ.

ಗಂಟಕ್ಕ ನಕ್ಕಳು. ಅದು ಒಳ್ಳೆಯ ನಗುವಲ್ಲ. "ನೀವು ನನಗೆ ಭಿಕ್ಷೆ ಹಾಕಿದ್ರೆ ನಾನು ಭಿಕ್ಷುಕಿ ಆಗಿರ್ತಿದ್ದೆ ಸಾರ್. ತಗೊಂಡಿದ್ದು ಭಿಕ್ಷೆ ಅಂತ ನನಗೆ ಗೊತ್ತಿರ್ತಿತ್ತು, ಕೊಟ್ಟಿದ್ದು ಭಿಕ್ಷೆ ಅಂತ ನಿಮಗೂ ಗೊತ್ತಿರ್ತಿತ್ತು. ನೀವು ನನ್ನ ಕೋತಿ ಮಾಡಿದ್ರಿ. ಆರು ವರ್ಷ ಕುಣಿಸಿದ್ರಿ. ನಾನು ಕುಣೀತಾ ಕುಣೀತಾ ಬೇರೆಯವರಿಗೆ ಸರಿಯಾಗಿ ಕುಣೀರಿ ಅಂತ ಬೈದೆ."

ಚೌಕಟ್ಟನ್ನು ಅಲ್ಲೇ ಬಿಟ್ಟು ಬಂದಳು.

ಹಜಾರದಲ್ಲಿ ಮೇಷ್ಟ್ರು ಅವಳಿಗಾಗಿ ಕಾಯುತ್ತಿದ್ದರು. ಆ ಸೊಟ್ಟ ಚೌಕಟ್ಟು ಅದಕ್ಕೂ ಮೊದಲು ತನ್ನ ಕೈಗೆ ಒಮ್ಮೆಯೂ ಯಾಕೆ ಬಂದಿರಲಿಲ್ಲವೆಂದು ಅವಳಿಗೆ ಆಗ ಅರ್ಥವಾಯಿತು. ಮಿಕ್ಕ ಮೂವತ್ತೊಂಬತ್ತು ಒಂದೇ ಅಚ್ಚು, ಗುರುತು ಹತ್ತುವುದಿಲ್ಲ. ಇದೊಂದು ಗುರುತು ಹತ್ತುತ್ತದೆ. ಅದಕ್ಕೇ ಮುದುಕರು ಏಳು ವರ್ಷ ಅದನ್ನು ತಮ್ಮ ಮಡಿಲಲ್ಲೇ ಮುಚ್ಚಿಟ್ಟುಕೊಂಡಿದ್ದರು. ಜ್ವರ ಬಂದ ಒಂದು ವಾರ ಅದು ಕೈತಪ್ಪಿತ್ತು. ಜವಾನ ಈ ಮಂಗಳವಾರ ಇನ್ನೊಮ್ಮೆ ತಪ್ಪಿದ್ದ.

"ನಿಮಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು ತಾಯಿ. ಕೈಗೆ ಗೊತ್ತಾಗದೆ ಇರುತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮೂರು ದಿನ ಅತ್ತೆ. ನಾಲ್ಕನೇ ದಿನ ಹೆಣೆದೆ. ನನಗೆ ಬೇರೆ ಏನು ಬರುತ್ತೆ? ನಿಮಗೆ ಹೇಳಿದ್ರೆ ನಿಮ್ಮ ಕೈ ನಿಂತೋಗ್ತಿತ್ತು. ನೀನು ದಿನಾ ಆ ಆಸ್ಪತ್ರೆ ಹೆಂಗಸಿನ ಕಥೆ ಹೇಳ್ತಿದ್ದೆ. ಅದನ್ನ ಕೇಳಿದ್ರೆ ನನಗೂ ಒಂದೊಂದು ಸಲ ನಿಜ ಅನ್ನಿಸೋದು."

"ಕಣ್ಣಿಗೆ ಮಣ್ಣೆರಚೋದು ಅಂತಾರೆ. ಕಣ್ಣೇ ಇಲ್ಲದೋರ ಕಣ್ಣಿಗೂ ಎರಚಿದ್ರಲ್ಲ ಮೇಷ್ಟ್ರೇ, ನೀವು!"

ಮುದುಕರು ಅತ್ತರು. ಅವಳು ಸಮಾಧಾನ ಮಾಡಲಿಲ್ಲ. ಮಾಡಬೇಕೆನ್ನಿಸಲಿಲ್ಲ. ಮಿಕ್ಕವರಲ್ಲಿ ಇಬ್ಬರಿಗೆ ಅನುಮಾನವಿತ್ತಂತೆ, ಏಳು ಜನಕ್ಕೆ ಏನೂ ಗೊತ್ತಿರಲಿಲ್ಲ. ಅವತ್ತು ಎಲ್ಲರಿಗೂ ಗೊತ್ತಾಯಿತು. ಒಬ್ಬ ಬಕೀಟು ಒದ್ದ. ನೀರು ಹಜಾರದ ತುಂಬ ಹರಿದು ಎಲ್ಲರ ಬಟ್ಟೆ ತೋಯಿಸಿತು. ಆಮೇಲೆ ಬಕೀಟು ಒದ್ದವನೇ ನೆಲ ಒರೆಸಿ ಮತ್ತೆ ಹೆಣೆಯಲು ಕೂತ. ಮನೆಯಲ್ಲಿ ಎರಡು ಮಕ್ಕಳಿದ್ದವು ಅವನಿಗೆ.

ಆ ಸಂಜೆ ಮನೆಯಲ್ಲಿ ಊಟಕ್ಕೆ ಮೊದಲೇ ತಮ್ಮನನ್ನು ಹಿಡಿದಳು. "ಆಸ್ಪತ್ರೇಲಿ ಎಂಥ ಕುರ್ಚಿ ಇತ್ತೋ?"

"ಪ್ಲಾಸ್ಟಿಕ್ಕು. ನೀಲಿದು."

"ಸುಳ್ಳು ಯಾಕೆ ಹೇಳ್ದೆ?"

"ನಿನ್ನ ಮುಖ ನೋಡಿ ನಿಜ ಹೇಳಕ್ಕಾಗ್ಲಿಲ್ಲ ಅಕ್ಕ."

ತಮ್ಮನ ಹೆಂಡತಿಗೆ ಹೆದರಿಕೆಯಾಯಿತು. ಅವಳ ಹೆದರಿಕೆ ಸುಳ್ಳಲ್ಲ, ಎರಡು ಸಂಬಳದ ಮೇಲೆ ನಿಂತ ಮನೆ ಅದು. "ಸುಮ್ನೆ ಹೋಗಿ ಬನ್ನಿ ಅತ್ತಿಗೆ," ಎಂದಳು. "ಎಲ್ಲರ ಕೆಲಸಾನೂ ಅಷ್ಟೆ. ಇವರು ದಿನಾ ಮನೆಮನೆ ಬಾಗಿಲಿಗೆ ಜಾಹೀರಾತಿನ ಕಾಗದ ಹಾಕ್ತಾರೆ. ಯಾರು ಓದ್ತಾರೆ? ಇವರು ಬೆನ್ನು ತಿರುಗಿಸೋದ್ರೊಳಗೆ ಕಸದ ಬುಟ್ಟಿಗೆ ಹೋಗುತ್ತೆ. ಇವರೇನು ವಾಂತಿ ಮಾಡ್ಕೋತಾರಾ?"

"ಅವನಿಗೆ ಗೊತ್ತಿದೆ. ಗೊತ್ತಿದ್ದೂ ಹಾಕ್ತಾನೆ. ಕಾಲು ನೋವು ಬಂದ್ರೆ ಬೈಕೊಂಡು ಹಾಕ್ತಾನೆ. ನನಗೆ ಬೈಯೋಕೂ ಬಿಡಲಿಲ್ಲವಲ್ಲೇ."

"ಗೊತ್ತಾಯ್ತಲ್ಲ ಈಗ. ಬೈಕೊಂಡು ಹೆಣೀರಿ. ಹೊಟ್ಟೆ ಕೇಳುತ್ತಾ ಇದನ್ನೆಲ್ಲ?"

ಹೊಟ್ಟೆ ಕೇಳುವುದಿಲ್ಲ, ನಿಜ. ಕೆಲಸ ಬಿಟ್ಟರೆ ಮತ್ತೆ ಆ ಒಳಕೋಣೆ, ಮತ್ತೆ "ಸ್ವಲ್ಪ ಆ ಕಡೆ". ಅದೂ ನಿಜ. ಈಗಾಗಲೇ ತಮ್ಮನ ಹೆಂಡತಿಯ ದನಿಯಲ್ಲಿ ಆ ಹಳೆಯ "ಆ ಕಡೆ" ಸಣ್ಣಗೆ ಇಣುಕುತ್ತಿತ್ತು. ಗಂಟಕ್ಕನಿಗೆ ಭಯವಾಯಿತು. ಗುರುವಾರ ವ್ಯಾನು ಬಂದಾಗ ಹತ್ತಿದಳು.

ಹತ್ತಿ ಹೋಗಿ ಮಣೆಯ ಮೇಲೆ ಕೂತಳು. ಎಳೆಯನ್ನು ಬಕೀಟಿನಿಂದ ತೆಗೆದಳು. ಕೈ ಏಳಲಿಲ್ಲ. ನಖರಾ ಅಲ್ಲ, ನಿಜವಾಗಿಯೂ ಏಳಲಿಲ್ಲ. ಆರು ವರ್ಷ ನಿದ್ದೆಗಣ್ಣಲ್ಲೂ ಹೆಣೆದ ಕೈ. ಎಳೆ ಬೆರಳಲ್ಲೇ ಒಣಗಿತು. ಮತ್ತೆ ನೆನೆಸಿದಳು, ಮತ್ತೆ ಒಣಗಿತು. ಶುಕ್ರವಾರವೂ ಅದೇ. ಅವತ್ತು ಇಲಾಖೆಯಿಂದ ಒಬ್ಬ ಅಧಿಕಾರಿಣಿ ಕೇಂದ್ರ ನೋಡಲು ಬಂದಳು. ಜೊತೆಗೆ ಫೋಟೋ ತೆಗೆಯುವವನೂ ಬಂದ. ಸಾಲಿನ ಉದ್ದಕ್ಕೂ "ವಾಹ್, ಎಷ್ಟು ಚೆನ್ನಾಗಿ ಮಾಡ್ತಾರೆ" ಎನ್ನುತ್ತ ಬಂದು ಗಂಟಕ್ಕನ ಮುಂದೆ ನಿಂತಳು. ಸೆಂಟಿನ ವಾಸನೆ.

"ಇವರು ಯಾಕೆ ಸುಮ್ಮನೆ ಕೂತಿದ್ದಾರೆ?"

"ಹುಷಾರಿಲ್ಲ ಮೇಡಂ," ಎಂದ ಸೂಪರಿಂಟೆಂಡೆಂಟು.

"ಪಾಪ." ಅವಳ ಕೈ ಗಂಟಕ್ಕನ ತಲೆ ಸವರಿತು, ಬೆಕ್ಕಿನ ತಲೆ ಸವರಿದಂತೆ. "ಫೋಟೋಗೆ ಸುಮ್ನೆ ಕೈ ಆಡಿಸಿ ಅಮ್ಮ. ಹೆಣೆಯೋ ಥರ. ಸಾಕು."

ಹೆಣೆಯುವ ಥರ! ಗಂಟಕ್ಕ ತಲೆ ಮೇಲಿನ ಕೈಯನ್ನು ಹಿಡಿದು ಕೆಳಗಿಳಿಸಿದಳು. ಬಿಡಲಿಲ್ಲ. ಆ ಮೆತ್ತನೆಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ನೀವು ಯಾವ ಕುರ್ಚೀಲಿ ಕೂರ್ತೀರಿ ಮೇಡಂ, ಆಫೀಸಲ್ಲಿ?"

"ಯಾಕಮ್ಮ?"

"ಬೆತ್ತದ್ದಾ?"

ಅಧಿಕಾರಿಣಿ ಕೈ ಬಿಡಿಸಿಕೊಂಡು ಹೋದಳು. ಫೋಟೋದವನು ಪಕ್ಕದವನ ಹತ್ತಿರ ಹೋಗಿ ಕ್ಲಿಕ್ಕಿಸಿದ. ಸಂಜೆ ಸೂಪರಿಂಟೆಂಡೆಂಟು ಕರೆದು ಹೇಳಿದ: ಸೋಮವಾರದಿಂದ ಹೆಣೆಯದಿದ್ದರೆ "ಒದಗಿಸಿದ ಕೆಲಸವನ್ನು ನಿರಾಕರಿಸಿದ್ದಾರೆ" ಎಂದು ಬರೆಯಬೇಕಾಗುತ್ತದೆ. ಹಾಗೆ ಬರೆದರೆ ಸಂಬಳವೂ ಹೋಗುತ್ತದೆ, ಮುಂದೆ ಯಾವ ಸವಲತ್ತೂ ಸಿಗುವುದಿಲ್ಲ. "ನನ್ನ ಕೈಯಲ್ಲಿ ಅದನ್ನ ಬರೆಸಬೇಡಮ್ಮ," ಎಂದ. ನಿಜವಾಗಿಯೂ ಬೇಡಿಕೊಂಡ.

ಶನಿವಾರ ಒಂದು ಗಂಟೆಗೆ ಗಂಟೆ ಹೊಡೆಯಿತು. ಎಲ್ಲರೂ ಡಬ್ಬಿ, ಕೋಲು ಹುಡುಕಿಕೊಂಡು ಎದ್ದರು. ಹೊರಗೆ ವ್ಯಾನು ಸ್ಟಾರ್ಟ್ ಆಗಿತ್ತು. ವಾರದ ಕುರ್ಚಿಗಳನ್ನು ಜವಾನ ಗೋಡೆಗೆ ಸಾಲಾಗಿ ಇಟ್ಟಿದ್ದ. ಗಂಟಕ್ಕ ಬಾಗಿಲ ಕಡೆ ಹೋಗಲಿಲ್ಲ. ಗೋಡೆ ಹಿಡಿದು ಸಾಲಿನ ಹತ್ತಿರ ಹೋದಳು. ಹೋದ ವಾರ ತಾನೇ ಹೆಣೆದು, ಈ ಸೋಮವಾರ ಗಂಟು ಹಾಕಿದ್ದ ಕುರ್ಚಿಯನ್ನು ಕೈಯಿಂದ ಹುಡುಕಿದಳು. ಸಿಕ್ಕಿತು. ತಿರುಗಿ ಅದರ ಮೇಲೆ ಕೂತಳು.

ಆರು ವರ್ಷದಲ್ಲಿ ಅವಳು ಬೆತ್ತದ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಹೆಣೆಯುವವರು ಕೂರುವ ಹಾಗಿಲ್ಲ, ಮಣೆ ಇದೆಯಲ್ಲ. ಬೆತ್ತ ಒಂದು ಸಲ ಕಿರ್ ಎಂದು ಹಿಡಿದುಕೊಂಡಿತು. ಜೋಲಲಿಲ್ಲ. ಚೆನ್ನಾಗಿ ಹೆಣೆದಿದ್ದೇನೆ, ಎಂದುಕೊಂಡಳು.

"ಅಕ್ಕ, ವ್ಯಾನು," ಎಂದ ಜವಾನ. ಅವನ ಕೈಯಲ್ಲಿ ಚಾಕುವಿತ್ತು. ಹಿಡಿಯ ಮೇಲೆ ಉಗುರು ಆಡುತ್ತಿದ್ದದ್ದು ಅವಳಿಗೆ ಕೇಳಿಸಿತು.

"ಹೋಗ್ಲಿ."

"ನಾನು ಕೆಲಸ ಶುರು ಮಾಡಬೇಕು."

"ಮಾಡು. ಇದು ಬಿಟ್ಟು."

ಬಾಗಿಲಲ್ಲಿ ಗುಸುಗುಸು. ಯಾರೋ "ಏನಂತೆ?" ಎಂದರು, ಯಾರೋ "ಕೂತವ್ಳಂತೆ" ಎಂದರು. ವ್ಯಾನಿನವನು ಹಾರನ್ ಹೊಡೆದ. ಕೆಲವರ ಹೆಜ್ಜೆ ಹೊರಗೆ ಹೋದವು, ಬೇಗ ಬೇಗ. ಅವರನ್ನು ಬೈಯುವಂತಿಲ್ಲ. ಬಕೀಟು ಒದ್ದವನ ಹೆಜ್ಜೆಯೂ ಅದರಲ್ಲಿತ್ತು, ಅವನು ಕುಂಟುವುದರಿಂದ ಗುರುತು ಸಿಕ್ಕಿತು. ಹಜಾರ ಖಾಲಿಯಾಯಿತು ಎಂದುಕೊಂಡಳು. ಒಬ್ಬಳೇ ಎಷ್ಟು ಹೊತ್ತು ಕೂರುವುದು? ಒಬ್ಬಳು ಒಂದೇ ಕುರ್ಚಿಯನ್ನು ಕಾಯಬಹುದು.

ಆಗ ಕೋಲಿನ ಸದ್ದು ಬಂತು. ಟಕ್, ಟಕ್. ಗೋಡೆಯ ಸಾಲಿನ ಮೊದಲ ಕುರ್ಚಿಗೆ ಕೋಲು ತಾಗಿತು.

"ಇದರಲ್ಲಿ ನಂದು ಯಾವುದೇ ತಾಯಿ?" ಮೇಷ್ಟ್ರ ದನಿ.

"ಹುಡುಕಿ. ಕೈಗೆ ಗೊತ್ತಾಗದೆ ಇರುತ್ತಾ?"

ಮೇಷ್ಟ್ರು ಹುಡುಕಿದರು. ಮೂರು ಕುರ್ಚಿ ದಾಟಿ, ಗೊಣಗುತ್ತ, ಮಂಡಿ ಹಿಡಿದುಕೊಂಡು ಒಂದರ ಮೇಲೆ ಕೂತರು. ಅವರ ಹಿಂದೆ ಇನ್ನೊಬ್ಬಳು ಬಂದು ಕೂತಳು. ಆಮೇಲೆ ಇನ್ನೊಬ್ಬ. ಹನ್ನೊಂದರಲ್ಲಿ ನಾಲ್ಕು ಜನ. ವ್ಯಾನು ಹೊರಟುಹೋಯಿತು.

ಸೂಪರಿಂಟೆಂಡೆಂಟು ಓಡಿಬಂದ. ಏದುಸಿರು ಬಿಡುತ್ತಿದ್ದ. "ಏನಿದು? ಏಳಿ. ಏಳಿ ಎಲ್ಲ. ಗಂಟಕ್ಕ, ನಾನು ಬರೀಲೇಬೇಕಾಗುತ್ತೆ, ನೋಡು."

"ಬರೀರಿ ಸಾರ್. ಸರಿಯಾಗಿ ಬರೀರಿ. ಕೆಲಸ ನಿರಾಕರಿಸಿಲ್ಲ ಅಂತ ಬರೀರಿ. ಕೆಲಸ ಕೇಳ್ತಿದಾರೆ ಅಂತ ಬರೀರಿ."

"ಹೊಟ್ಟೆ ಮೇಲೆ ನೀವೇ ಕಲ್ಲು ಹಾಕ್ಕೋತಿದೀರಿ. ಕೇಂದ್ರಾನೇ ಮುಚ್ತಾರೆ!"

ಮುಚ್ಚಬಹುದು. ಗಂಟಕ್ಕನಿಗೆ ಅದು ಗೊತ್ತಿತ್ತು. ಒಳಕೋಣೆಯೂ ಗೊತ್ತಿತ್ತು. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಏಳಲಿಲ್ಲ. ಯಾರೂ ಏಳಲಿಲ್ಲ.

ಸೂಪರಿಂಟೆಂಡೆಂಟು ಜವಾನನ ಕಡೆ ತಿರುಗಿದ. ದನಿ ಒಡೆದಿತ್ತು. "ನೀನೇನು ಗೊಂಬೆ ಥರ ನಿಂತಿದೀಯ? ನಿನ್ನ ಕೆಲಸ ಮಾಡು. ಇವತ್ತು ಎಲ್ಲಾನೂ ಬಿಚ್ಚಿ ಇಡಬೇಕು, ಗೊತ್ತಿಲ್ವಾ?"

ಚಾಕು ಕಿಟಕಿಯ ಕಟ್ಟೆಯ ಮೇಲೆ ಇಟ್ಟ ಸದ್ದು ಕೇಳಿತು.

"ಹೇಗೆ ಸಾರ್ ಬಿಚ್ಚೋದು?" ಎಂದ ಜವಾನ. "ಕುರ್ಚಿ ಖಾಲಿ ಇಲ್ಲ. ಜನ ಕೂತಿದಾರೆ."